ಕತ್ತಿಯ ಬುಡ

ಮೇಷ್ಟ್ರೇ, ಸ್ವಲ್ಪ ನಿಲ್ಲಿ. ತೋಕಿಯೋದಲ್ಲಿರೋ ನಿಮ್ಮ ಮೊಮ್ಮಗ ಹಳೇ ಸಮುರಾಯ್ ಕತ್ತಿ ಕೊಳ್ಳೋದಕ್ಕೆ ಹೊರಟಿದ್ದಾನಂತೆ? ಅಮ್ಮಾವ್ರು ಬೆಳಿಗ್ಗೆ ಹೂ ಬಿಡಿಸ್ತಾ ಹೇಳಿದ್ರು. ಅಂಗಡಿಯವನು ಕಳಿಸಿದ ಫೋಟೋನೂ ತೋರಿಸಿದ್ರು. ಅಲಗು ಥಳಥಳ ಅಂತಿದೆ, ಒರೆಗೆ ಕಪ್ಪು ಅರಗಿನ ಮೆರುಗು, ಹಿಡಿಗೆ ರೇಷ್ಮೆ ದಾರದ ಹೆಣಿಗೆ. ಎಲ್ಲಾ ಚೆನ್ನಾಗಿದೆ. ಆದ್ರೆ ನೋಡಬೇಕಾದದ್ದೇ ಆ ಫೋಟೋದಲ್ಲಿ ಇಲ್ಲ. ಹಿಡಿ ಬಿಚ್ಚಿಸಿ ಬುಡ ತೋರಿಸು ಅಂತ ಅಂಗಡಿಯವನನ್ನ ಕೇಳೋಕೆ ಹೇಳಿ.

ಬುಡ ಅಂದ್ರೆ ಹಿಡಿಯೊಳಗೆ ಅಡಗಿರೋ ಭಾಗ, ಅಲ್ಲಿಯವರು ನಕಾಗೊ ಅಂತಾರೆ. ಜಪಾನಿನ ಕತ್ತಿಯಲ್ಲಿ ಹಿಡಿಯನ್ನ ಅಲಗಿಗೆ ಬೆಸೆಯೋದಿಲ್ಲ, ಅಂಟಿಸೋದೂ ಇಲ್ಲ. ಒಂದೇ ಒಂದು ಬಿದಿರಿನ ಮೊಳೆ ಎರಡನ್ನೂ ತೂರಿಕೊಂಡು ಹೋಗಿ ಹಿಡಿದಿರುತ್ತೆ. ಅದನ್ನ ತಳ್ಳಿ ತೆಗೆದ್ರೆ ಇಡೀ ಕತ್ತಿ ಬಿಡಿಬಿಡಿಯಾಗಿ ಕೈಗೆ ಬರುತ್ತೆ. ಆಗ ಕಾಣೋ ಬುಡದ ಮೇಲೆ ತುಕ್ಕಿರುತ್ತೆ. ಬಹಳ ಹಳೇ ಕತ್ತಿಯಾದ್ರೆ ಆ ತುಕ್ಕನ್ನ ಆರುನೂರು, ಏಳುನೂರು ವರ್ಷದಿಂದ ಯಾರೂ ಮುಟ್ಟಿಲ್ಲ. ಅಲಗನ್ನ ಕನ್ನಡಿ ಮಾಡಿ ಇಟ್ಟುಕೊಂಡ ಜನ ಬುಡವನ್ನ ಮಾತ್ರ ಹಾಗೇ ಬಿಟ್ಟರು. ಬೇಕು ಅಂತಲೇ ಬಿಟ್ಟರು.

ತುಕ್ಕು ಅಂದ್ರೆ ಕೊಳೆ, ಉಜ್ಜಿ ತೆಗೀಬೇಕಲ್ವೇ ಅಂತೀರಾ? ಅಲ್ಲೇ ಇರೋದು ವಿಷಯ. ಬಹಳ ಹಳೇ ಕತ್ತಿಯ ಬುಡದ ತುಕ್ಕು ಗಾಢ, ಹೆಚ್ಚುಕಡಿಮೆ ಕಪ್ಪು, ಒಳಗಿಂದ ನಯವಾಗಿ ಮಿನುಗುತ್ತೆ. ಇತ್ತೀಚಿನದು ಕೆಂಪು, ಒರಟು. ತುಕ್ಕಿನ ಕೆಳಗೆ ಅರದ ಗೆರೆಗಳು ಇರ್ತವೆ. ಅಲಗು ಮಾಡಿದ ಕಮ್ಮಾರ ಕೊನೆಗೆ ಬುಡಕ್ಕೆ ಅರ ಹಾಕಿರ್ತಾನೆ, ಒಬ್ಬ ಅಡ್ಡ ಹಾಕ್ತಾನೆ, ಇನ್ನೊಬ್ಬ ಓರೆಯಾಗಿ, ಮತ್ತೊಬ್ಬ ಗರಿಯ ಥರ. ಒಂದೊಂದು ಮನೆತನಕ್ಕೆ ಒಂದೊಂದು ರೀತಿ. ಮೊಳೆಯ ತೂತು ಎಷ್ಟಿದೆ, ಎಲ್ಲೆಲ್ಲಿದೆ ಅಂತ ನೋಡಿದ್ರೆ ಎಷ್ಟು ಸಲ ಹಿಡಿ ಬದಲಾಯ್ತು ಅಂತ ಗೊತ್ತಾಗುತ್ತೆ. ಆಮೇಲೆ ಚಾಣದಲ್ಲಿ ಕೊರೆದ ಹೆಸರು. ಇವೆಲ್ಲ ಉಳಿದಿರೋದು ಆ ತುಕ್ಕಿನಿಂದ. ಮರಳುಕಾಗದ ಹಿಡಿದು ಅರ್ಧ ಗಂಟೆ ಉಜ್ಜಿದ್ರೆ ಸಾಕು, ಕತ್ತಿಯ ಜಾತಕವೇ ಅಳಿಸಿಹೋಗುತ್ತೆ. ಚೊಕ್ಕಟ ಮಾಡ್ತೀನಿ ಅಂತ ಹಾಗೆ ಉಜ್ಜಿದ ಬುಡಗಳನ್ನ ನಾನು ಕಣ್ಣಾರೆ ನೋಡಿದ್ದೀನಿ, ಹೊಟ್ಟೆ ಉರಿಯುತ್ತೆ.

ಬುಡದಲ್ಲಿ ಓದೋಕೆ ಕಷ್ಟವಾಗೋ ಮಾತುಗಳೂ ಇರ್ತವೆ, ಅದನ್ನ ನಿಮ್ಮಿಂದ ಮುಚ್ಚಿಡೋದಿಲ್ಲ. ಶೋಗುನ್ ಅನ್ನೋ ಸೇನಾಧಿಪತಿಗಳು ಆಳುತ್ತಿದ್ದ ಎದೋ ಕಾಲದಲ್ಲಿ ಯಾಮಾದಾ ಅಸಾಎಮೋನ್ ಅನ್ನೋ ಹೆಸರಿನಲ್ಲಿ ತಲೆಮಾರುಗಟ್ಟಲೆ ನಡೆದು ಬಂದ ಮನೆತನ ಒಂದಿತ್ತು. ಮರಣದಂಡನೆಯಾದವರ ದೇಹದ ಮೇಲೆ ಕತ್ತಿಯ ಹರಿತ ಪರೀಕ್ಷೆ ಮಾಡೋದು ಅವರ ಕೆಲಸ. ಆ ಪರೀಕ್ಷೆಯ ಫಲವನ್ನ ಬುಡದಲ್ಲಿ ಬರೆಸ್ತಿದ್ರು, ಕೆಲವೊಮ್ಮೆ ಚಿನ್ನದ ಅಕ್ಷರದಲ್ಲಿ. ಕೊಲ್ಲೋ ಸಾಮಾನನ್ನ ಇಷ್ಟು ಹಚ್ಚಿಕೊಂಡಿದ್ದೀಯಲ್ಲ ಅಂತ ನೀವು ಹೋದ ಸಲ ಕೇಳಿದ್ರಿ. ಸರಿಯಾದ ಪ್ರಶ್ನೆ. ಅದು ಏನಕ್ಕೆ ಹುಟ್ಟಿತು ಅನ್ನೋದನ್ನ ಮರೆತು ಬರೀ ಅಂದ ನೋಡೋದು ನನಗೂ ಸರಿ ಕಾಣೋದಿಲ್ಲ. ಅಂಥ ಬರಹವಿರೋ ಬುಡ ಕೈಗೆ ಬಂದ್ರೆ ಅದನ್ನೂ ಓದಬೇಕು. ಓದಿ ಹಾಗೇ ಉಳಿಸಬೇಕು.

ಹೆಸರಿನ ವಿಷಯ ಹೇಳ್ತಿದ್ದೆ. ಹೆಸರಿಲ್ಲದ್ದು ಕಳಪೆ ಅಂತ ನಿಮ್ಮ ಹುಡುಗ ತಿಳೀಬಾರದು. ಹಿಂದೆ ಕುದುರೆ ಮೇಲೆ ಕೂತು ಕಾದಾಡೋರು ತಾಚಿ ಅನ್ನೋ ಉದ್ದನೆಯ ಕತ್ತಿಯನ್ನ ಬಾಯಿ ಕೆಳಗೆ ಮಾಡಿ ಸೊಂಟಕ್ಕೆ ತೂಗುಹಾಕ್ತಿದ್ರು. ಮುಂದೆ ಕಾಲಾಳು ಯುದ್ಧ ಬಂತು, ಕತ್ತಿಯನ್ನ ಬಾಯಿ ಮೇಲೆ ಮಾಡಿ ನಡುಪಟ್ಟಿಗೆ ಸಿಕ್ಕಿಸೋ ರೂಢಿ ಬಂತು. ಆಗ ಹಳೇ ಉದ್ದ ಕತ್ತಿಗಳನ್ನ ಮೋಟು ಮಾಡಿಸಿದ್ರು. ಮೊನೆ ಕಡೆಯಿಂದ ಕತ್ತರಿಸಿದ್ರೆ ಕತ್ತಿ ಹಾಳು, ಹಾಗಾಗಿ ಬುಡದ ಕಡೆಯಿಂದ ಕತ್ತರಿಸಿದ್ರು. ಹೆಸರು ಇದ್ದದ್ದೇ ಬುಡದಲ್ಲಿ, ಅದೂ ಹೋಯ್ತು. ಜಪಾನಿನ ಎಷ್ಟೋ ಮಹಾ ಕತ್ತಿಗಳು ಇವತ್ತು ಅನಾಮಿಕ. ಹೆಸರಾಂತ ಕಮ್ಮಾರ ಮಾಸಾಮುನೆಯದು ಅಂತ ಪೂಜೆ ಪಡೆಯೋ ಅಲಗುಗಳಲ್ಲೂ ಹೆಚ್ಚಿನವಕ್ಕೆ ಸಹಿ ಇಲ್ಲ.

ಆದ್ರೆ ಕತ್ತರಿಸೋವಾಗಲೂ ಕೆಲವರಿಗೆ ಕೈ ನಡುಗಿದೆ ಮೇಷ್ಟ್ರೇ. ಹೆಸರಿದ್ದ ತುಂಡನ್ನ ತೆಳ್ಳಗೆ ಮಾಡಿ, ಬುಡದ ಇನ್ನೊಂದು ಮಗ್ಗುಲಿಗೆ ಮಡಚಿ ಕೂರಿಸಿದ್ದಾರೆ, ಅಕ್ಷರ ತಲೆಕೆಳಗಾಗಿ ನಿಂತಿರುತ್ತೆ. ಇನ್ನು ಕೆಲವರು ಹೆಸರಿನ ಭಾಗವನ್ನ ಮಾತ್ರ ಚೌಕವಾಗಿ ಕತ್ತರಿಸಿ ತೆಗೆದು, ಹೊಸ ಬುಡದಲ್ಲಿ ಗುಂಡಿ ತೋಡಿ ಅದರೊಳಗೆ ಪಟದ ಥರ ಕೂರಿಸಿದ್ದಾರೆ. ಯಾರೋ ಒಬ್ಬ ಸತ್ತುಹೋದ ಕಮ್ಮಾರನ ಹೆಸರಿಗಾಗಿ ಇಷ್ಟು ಕಷ್ಟ. ನನಗೆ ಈ ಸಂಗ್ರಹದ ಹುಚ್ಚಿನಲ್ಲಿ ಅತ್ಯಂತ ಇಷ್ಟವಾದದ್ದು ಇದೇ. ಹೆಸರು ಪೂರ್ತಿ ಹೋಗಿದ್ರೆ ಹೋನಾಮಿ ಮನೆತನದವರು ಅಲಗು ನೋಡಿ ಇದು ಇಂಥವನದು ಅಂತ ತೀರ್ಮಾನ ಹೇಳ್ತಿದ್ರು, ಅದನ್ನ ಬುಡದಲ್ಲಿ ಚಿನ್ನದಲ್ಲಿ ಕೂರಿಸ್ತಿದ್ರು. ಕತ್ತಿಗೆ ಸಾಣೆ ಹಿಡಿಯೋದು, ಬೆಲೆ ಕಟ್ಟೋದು ಅವರ ವಂಶದ ವಿದ್ಯೆ. 1719ರಲ್ಲಿ ಶೋಗುನ್ ಯೋಶಿಮುನೆಗೆ ನಾಡಿನ ಹೆಸರಾಂತ ಕತ್ತಿಗಳ ಪಟ್ಟಿ ಮಾಡಿಕೊಟ್ಟವರೂ ಅವರೇ.

ಇನ್ನು ಹೆಸರಿದ್ರೆ ನಂಬಬಹುದೇ? ಅದೂ ಇಲ್ಲ. ಸುಳ್ಳು ಸಹಿ ಅಲ್ಲಿ ಇವತ್ತಿನದಲ್ಲ, ನೂರಾರು ವರ್ಷದಿಂದ ನಡೀತಾ ಬಂದಿದೆ. 17ನೇ ಶತಮಾನದ ಕೋತೆತ್ಸು ಅನ್ನೋನು ಮೊದಲು ಕವಚ ಮಾಡ್ತಿದ್ದ, ಆಮೇಲೆ ಕತ್ತಿಗೆ ಇಳಿದ. ಅವನ ಹೆಸರು ಕಂಡ್ರೆ ಮೊದಲು ಸುಳ್ಳು ಅಂತಲೇ ಅನುಮಾನಿಸು ಅಂತ ಹಳೇ ಸಂಗ್ರಾಹಕರು ಕಲಿಸ್ತಾರೆ. ಹಾಗಾಗಿ ಕೊನೆಗೆ ಅಲಗನ್ನೇ ಓದೋಕೆ ಕಲೀಬೇಕು, ಬೇರೆ ದಾರಿ ಇಲ್ಲ.

ಕಲಿಯೋ ರೀತಿ ಎಷ್ಟು ಚೆಂದ ಗೊತ್ತಾ? ಕಾಂತೇ ಅನ್ನೋ ಕೂಟ ನಡೆಸ್ತಾರೆ. ನಾಕೋ ಐದೋ ಕತ್ತಿಗಳನ್ನ ಸಾಲಾಗಿ ಇಡ್ತಾರೆ, ಬುಡಕ್ಕೆ ಮಾತ್ರ ಹೊದಿಕೆ. ಒಬ್ಬೊಬ್ಬರೇ ಹೋಗಿ, ಕತ್ತಿಗೆ ತಲೆಬಾಗಿ, ಎತ್ತಿಕೊಂಡು ನೋಡಿ, ಮಾಡಿದವನ ಹೆಸರನ್ನ ಚೀಟಿಯಲ್ಲಿ ಬರೆದುಕೊಡಬೇಕು. ಅಲಗಿನ ಮೇಲೆ ಮಾತಾಡೋ ಹಾಗಿಲ್ಲ, ಒಂದು ಹನಿ ಎಂಜಲು ಬಿದ್ರೆ ತುಕ್ಕು ಹಿಡಿಯುತ್ತೆ. ಬೆರಳು ತಾಕಿಸೋ ಹಾಗಂತೂ ಇಲ್ಲವೇ ಇಲ್ಲ. ಸರಿಯಾದ್ರೆ ಚೀಟಿ ‘ಅತಾರಿ’ ಅಂತ ವಾಪಸ್ ಬರುತ್ತೆ. ಅದೇ ಮನೆತನದ ಹತ್ತಿರದವನ ಹೆಸರು ಬರೆದಿದ್ರೆ ‘ದೋಜೆನ್’ ಅಂತ ಕೊಡ್ತಾರೆ, ಅದಕ್ಕೂ ಮರ್ಯಾದೆ ಇದೆ. ತಪ್ಪಾದ್ರೆ ಇನ್ನೊಂದು ಸಲ ಎದ್ದು ಹೋಗಿ ನೋಡಬೇಕು. ಎಲ್ಲರೂ ಬರೆದಾದ ಮೇಲೆ ಹೊದಿಕೆ ತೆಗೀತಾರೆ. ಎಪ್ಪತ್ತು ವರ್ಷದ ಹಿರಿಯರೂ ಆಗ ತಾನೇ ಸೇರಿದ ಹುಡುಗರೂ ಅಲ್ಲಿ ಒಂದೇ ಪರೀಕ್ಷೆಗೆ ಕೂರ್ತಾರೆ. ನಲವತ್ತು ವರ್ಷ ಪಾಠ ಹೇಳಿದ ನಿಮಗೆ ಇಂಥ ತರಗತಿ ಮೆಚ್ಚಿಗೆಯಾಗುತ್ತೆ.

ನೋಡೋದು ಏನನ್ನ ಅಂದ್ರೆ, ಮೊದಲು ಆಕಾರ. ತೋಳು ಚಾಚಿ ನೆಟ್ಟಗೆ ಹಿಡಿದು, ಬಾಗು ಎಲ್ಲಿ ಶುರುವಾಗುತ್ತೆ, ಬುಡದ ಹತ್ತಿರವೋ ನಡುವೆಯೋ, ಮೊನೆ ಕಡೆಗೆ ಎಷ್ಟು ಸಣ್ಣಗಾಗುತ್ತೆ ಅಂತ ನೋಡಬೇಕು. ಇದರಿಂದ ಕಾಲ ಗೊತ್ತಾಗುತ್ತೆ. ಆಮೇಲೆ ಉಕ್ಕಿನ ಮೈ. ಮಡಚಿ ಮಡಚಿ ಬಡಿದ ಉಕ್ಕಾದ್ದರಿಂದ ಮರದ ಎಳೆಯಂಥ ಪದರ ಕಾಣುತ್ತೆ. ಕೊನೆಗೆ ಬಾಯಿಯ ಉದ್ದಕ್ಕೂ ಬಿಳುಪಾಗಿ ಓಡೋ ಗೆರೆ, ಹಾಮೋನ್. ಇದು ಕೆತ್ತಿದ್ದೂ ಅಲ್ಲ, ಬಳಿದದ್ದೂ ಅಲ್ಲ. ಅಲಗಿನ ಬೆನ್ನಿಗೆ ದಪ್ಪಗೆ, ಬಾಯಿಗೆ ತೆಳ್ಳಗೆ ಮಣ್ಣು ಮೆತ್ತಿ, ಕೆಂಪಗೆ ಕಾಯಿಸಿ, ನೀರಿಗೆ ಅದ್ದುತ್ತಾರೆ. ತೆಳು ಮಣ್ಣಿನ ಕಡೆ ತಟ್ಟನೆ ಆರಿ ಗಟ್ಟಿಯಾಗುತ್ತೆ, ದಪ್ಪ ಮಣ್ಣಿನ ಕಡೆ ನಿಧಾನಕ್ಕೆ ಆರಿ ಮೆದುವಾಗೇ ಉಳಿಯುತ್ತೆ. ಎರಡರ ಗಡಿ ಅದು. ಗಟ್ಟಿಯಾಗೋವಾಗ ಬಾಯಿ ಕಡೆಯ ಉಕ್ಕು ಹಿಗ್ಗುತ್ತೆ, ಹಿಗ್ಗಿ ಅಲಗನ್ನ ಬೆನ್ನ ಕಡೆಗೆ ಬಾಗಿಸುತ್ತೆ. ಆ ಬಾಗಿನ ಬಹುಪಾಲನ್ನ ಕೊಡೋದು ಸುತ್ತಿಗೆಯಲ್ಲ, ಆ ಒಂದು ಗಳಿಗೆಯ ನೀರು. ಅದೇ ಗಳಿಗೆಯಲ್ಲಿ ಬಾಯಿ ಬಿರುಕು ಬಿಡಬಹುದು, ಬಿಟ್ರೆ ಅಷ್ಟು ದಿನದ ಕೆಲಸ ಮುಗೀತು.

ಒಂದೇ ಬಲ್ಬಿನ ಕೆಳಗೆ ಅಲಗನ್ನ ಓರೆ ಮಾಡಿ ಹಿಡಿದ್ರೆ ಆ ಗಡಿಯಲ್ಲಿ ಕಣ್ಣಿಗೆ ಬಿಡಿಬಿಡಿಯಾಗಿ ಸಿಗೋ ಹೊಳಪಿನ ಕಾಳುಗಳು ನಿಯೆ. ಕಾಳು ಕಾಣದಷ್ಟು ಸಣ್ಣದಾಗಿ ಮಂಜಿನ ಪಟ್ಟಿಯಾಗಿದ್ರೆ ನಿಯೋಯಿ. ಮಾಸಾಮುನೆಯ ಸೋಶೂ ಪಂಥದವರದು ನಿಯೆ, ಬಿಜೆನ್ ನಾಡಿನವರದು ನಿಯೋಯಿ. ಹಳೇ ಬಿಜೆನ್ ಅಲಗುಗಳಲ್ಲಿ ಇನ್ನೊಂದು ಇದೆ, ಗೆರೆಯ ಮೇಲ್ಗಡೆ ಉಕ್ಕಿನ ಮೈಯಲ್ಲೇ ತೇಲೋ ಬೆಳ್ಳನೆಯ ನೆರಳು, ಉತ್ಸುರಿ. ಫೋಟೋದಲ್ಲಿ ಅದು ಸಿಗೋದಿಲ್ಲ. ಮೊದಲ ಸಲ ಅದನ್ನ ಕಂಡಾಗ ನನಗೆ ಮಾತೇ ಹೊರಡಲಿಲ್ಲ.

ಉಕ್ಕು ಎಲ್ಲಿಂದ ಅಂತೀರಾ? ಕಬ್ಬಿಣದ ಮರಳಿನಿಂದ. ಶಿಮಾನೆ ಪ್ರಾಂತ್ಯದ ಒಕುಇಜುಮೋದಲ್ಲಿ ಚಳಿಗಾಲದಲ್ಲಿ ಮಾತ್ರ ತತಾರಾ ಅನ್ನೋ ಮಣ್ಣಿನ ಕುಲುಮೆ ಹಚ್ಚುತ್ತಾರೆ. ಮೂರು ಹಗಲು ಮೂರು ರಾತ್ರಿ ಅರ್ಧರ್ಧ ಗಂಟೆಗೊಮ್ಮೆ ಮರಳು, ಇದ್ದಿಲು ಸುರೀತಾರೆ. ಒಂದು ಸಲಕ್ಕೆ ಸುಮಾರು 10 ಟನ್ ಮರಳು, 12 ಟನ್ ಇದ್ದಿಲು. ಕೊನೆಗೆ ಕುಲುಮೆ ಒಡೆದು ಎರಡೂವರೆ ಟನ್ನಿನ ಗಟ್ಟಿ ಹೊರಗೆಳೀತಾರೆ, ಅದರಲ್ಲಿ ಕತ್ತಿಗೆ ಒದಗೋ ತಮಾಹಾಗಾನೆ ಸ್ವಲ್ಪ ಭಾಗ. ಎರಡನೇ ಮಹಾಯುದ್ಧದ ನಂತರ ಆರಿಹೋಗಿದ್ದ ಈ ಬೆಂಕಿಯನ್ನ 1977ರಲ್ಲಿ ಮತ್ತೆ ಹಚ್ಚಿದವರು ಕತ್ತಿ ಸಂರಕ್ಷಣೆಯ ಸಂಘದವರು, ಹೊಸ ಕಮ್ಮಾರರಿಗೆ ಉಕ್ಕು ಬೇಕಲ್ಲ ಅಂತ. ಈಗಿನ ಕಮ್ಮಾರ ಐದು ವರ್ಷ ಗುರುವಿನ ಹತ್ತಿರ ಇದ್ದು ಪರೀಕ್ಷೆ ಪಾಸಾಗಬೇಕು, ಆಮೇಲೂ ತಿಂಗಳಿಗೆ ಎರಡು ಉದ್ದ ಕತ್ತಿಗಿಂತ ಹೆಚ್ಚು ಮಾಡೋ ಹಾಗಿಲ್ಲ.

ತುಕ್ಕು ಬಂದ್ರೆ ಸಾಣೆ ಹಿಡಿಸಿದ್ರಾಯ್ತು ಅಂತ ಹುಡುಗ ಅಂದುಕೊಳ್ಳಬಹುದು. ಮೇಷ್ಟ್ರೇ, ಇದನ್ನ ಒತ್ತಿ ಹೇಳಿ. ಪ್ರತಿ ಸಾಣೆಗೂ ಉಕ್ಕು ಸವೆಯುತ್ತೆ. ಜಪಾನಿನ ಕತ್ತಿಗೆ ಹೊರಗೆ ಗಟ್ಟಿ ಉಕ್ಕಿನ ಚರ್ಮ, ಒಳಗೆ ಮೆದು ಉಕ್ಕಿನ ತಿರುಳು. ಸವೆದೂ ಸವೆದೂ ಒಂದು ದಿನ ತಿರುಳು ಹೊರಗೆ ಇಣುಕುತ್ತೆ, ಮಂಕಾದ ಮಚ್ಚೆಯಾಗಿ. ಅಲ್ಲಿಗೆ ಆ ಕತ್ತಿ ದಣಿದಿದೆ ಅಂತಾರೆ, ಮತ್ತೆ ಯಾವ ಉಪಾಯವೂ ಇಲ್ಲ. 13ನೇ ಶತಮಾನದ ಅಲಗು ಇವತ್ತೂ ತುಂಬಿಕೊಂಡಿದೆ ಅಂದ್ರೆ ನಡುವೆ ಎಷ್ಟೋ ತಲೆಮಾರಿನವರು ಕೈ ತಡೆದುಕೊಂಡಿದ್ದಾರೆ ಅಂತ ಅರ್ಥ. ಸಾಣೆ ಬೇಕೇ ಬೇಕು ಅಂದ್ರೆ ತೋಗಿಶಿ ಅನ್ನೋ ನುರಿತವನ ಹತ್ತಿರ ಹೋಗಬೇಕು. ಅವನು ಒಂದಾದ ಮೇಲೊಂದು ಕಲ್ಲು ಬದಲಿಸ್ತಾ, ಕೊನೆಗೆ ಕಾಗದದಷ್ಟು ತೆಳ್ಳಗಿನ ಕಲ್ಲಿನ ಚೂರನ್ನ ಹೆಬ್ಬೆರಳಲ್ಲಿ ಒತ್ತಿ ಉಜ್ಜುತ್ತಾನೆ. ಮನೆಯಲ್ಲಿ ನಾವು ಮಾಡಬೇಕಾದದ್ದು ಒಂದಿಷ್ಟೇ ಎಣ್ಣೆ ಸವರಿ, ಹೋನೋಕಿ ಮರದ ಸಾದಾ ಒರೆಯಲ್ಲಿ ಇಡೋದು. ಆ ಒರೆಯ ಎರಡು ಹೋಳುಗಳನ್ನ ಅನ್ನ ಅರೆದು ಮಾಡಿದ ಅಂಟಿನಿಂದ ಸೇರಿಸಿರ್ತಾರೆ, ನಾವು ಗಾಳಿಪಟಕ್ಕೆ ಅನ್ನದಗುಳು ಒತ್ತುತ್ತಿದ್ದ ಹಾಗೆ. ಒಳಗೆ ಕಸ ಸೇರಿದ್ರೆ ಸುಲಭವಾಗಿ ಬಿಡಿಸಿ ತೆಗೀಬಹುದು ಅಂತ.

ನನ್ನ ಕೈಯಲ್ಲಿರೋದು ಏನು ಅಂತ ಆಗಲೇ ನೋಡ್ತಾ ಇದ್ದೀರಿ. ತಗೊಳ್ಳಿ, ಕಾಂಪೌಂಡ್ ಮೇಲಿಂದ ಕೊಡ್ತೀನಿ, ಇದನ್ನ ಮುಟ್ಟಬಹುದು. ತ್ಸುಬಾ. ಹಿಡಿಗೂ ಅಲಗಿಗೂ ನಡುವೆ ಕೂರೋ ತಟ್ಟೆ, ಕೈ ಜಾರದ ಹಾಗೆ ತಡೆಯೋಕೆ. ಬರೀ ಕಬ್ಬಿಣ, ಸಹಿ ಇಲ್ಲ, ಹಾರೋ ಬಾತುಗಳ ಆಕಾರದಲ್ಲಿ ಕೊರೆದಿದ್ದಾರೆ. ಅಂಚನ್ನ ಬೆರಳಲ್ಲಿ ಸವರಿ, ಅಲ್ಲಲ್ಲಿ ಗಂಟು ಸಿಗುತ್ತಲ್ಲ? ತೆಕ್ಕೊತ್ಸು, ಕಬ್ಬಿಣದ ಮೂಳೆ ಅಂತ ಕರೀತಾರೆ. ಬಡಿಯೋವಾಗ ಗಟ್ಟಿ ಉಕ್ಕಿನ ಹರಳು ಹಾಗೇ ಉಳಿದು ಮೇಲೆದ್ದದ್ದು. ಮಧ್ಯದ ಸೀಳಿನ ಎರಡೂ ತುದಿಯಲ್ಲಿ ತಾಮ್ರದ ಚೂರುಗಳಿವೆ ನೋಡಿ. ಒಂದು ಕತ್ತಿಯಿಂದ ತೆಗೆದು ಇನ್ನೊಂದಕ್ಕೆ ಕೂರಿಸೋವಾಗ ಅಲ್ಲಾಡದ ಹಾಗೆ ತುರುಕಿದ್ದು. ಸುತ್ತ ಉಳಿಯ ಗುರುತುಗಳೂ ಇವೆ. ಇದು ಒಂದಕ್ಕಿಂತ ಹೆಚ್ಚು ಕತ್ತಿಗಳ ಮೇಲೆ ಕೂತು ಬಾಳಿದೆ.

ಕಬ್ಬಿಣದ ತ್ಸುಬಾಕ್ಕೆ ಕೈಯ ಸಂಗ ಬೇಕು. ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ದಿನಾ ಒಂದಿಷ್ಟು ಹೊತ್ತು ಉಜ್ಜಿದ್ರೆ ವರ್ಷಗಳ ಮೇಲೆ ಮೈ ನೇರಳೆಗಪ್ಪಾಗಿ ಬೆಳಗುತ್ತೆ. ಕೆಂಪು ತುಕ್ಕು ಕಂಡಲ್ಲಿ ಮೂಳೆ ಇಲ್ಲಾ ಜಿಂಕೆ ಕೊಂಬಿನ ಚೂರಿನಿಂದ ಕೆರೀಬಹುದು. ಅದು ಕಬ್ಬಿಣಕ್ಕಿಂತ ಮೆದು, ಗೀರು ಬೀಳೋದಿಲ್ಲ. ಲೋಹದ ಬ್ರಷ್, ರಾಸಾಯನಿಕ ಯಾವುದೂ ಕೂಡದು.

ಮೆದು ಲೋಹದ ತ್ಸುಬಾಗಳಾದ್ರೆ ಈ ಉಜ್ಜೋದೂ ಬೇಡ. ಅವುಗಳ ಬಣ್ಣವೆಲ್ಲ ಮೇಲ್ಪದರದ್ದು. ತಾಮ್ರಕ್ಕೆ ನೂರಕ್ಕೆ ಮೂರೋ ನಾಕೋ ಪಾಲು ಚಿನ್ನ ಸೇರಿಸಿ ಎರೆದದ್ದು ಶಾಕುದೋ. ಹೊಸದಾಗಿದ್ದಾಗ ತಾಮ್ರದ ಹಾಗೇ ಕಾಣುತ್ತೆ. ತುರಿದ ಮೂಲಂಗಿ ಸವರಿ, ತಾಮ್ರದ ಲವಣ ಹಾಕಿದ ನೀರಲ್ಲಿ ಕುದಿಸಿದಾಗ ಕಾಗೆಯ ರೆಕ್ಕೆಯ ನೀಲಿಗಪ್ಪು ಬರುತ್ತೆ. ಅದರ ಮೇಲೆ ಮೀನಿನ ಮೊಟ್ಟೆಯಂಥ ಸಣ್ಣ ಗುಂಡುಗಳನ್ನ ಒಂದೊಂದಾಗಿ, ಒಂದೇ ಸಾಲಲ್ಲಿ ಒತ್ತಿ ಎಬ್ಬಿಸ್ತಾರೆ, ನಾನಾಕೋ ಅಂತ. ಭೂತಕನ್ನಡಿ ಹಿಡಿದು ನೋಡಿದ್ರೂ ಸಾಲು ಸೊಟ್ಟಗಾಗಿರೋದಿಲ್ಲ. ಈ ಕೆಲಸದ ದೊಡ್ಡ ಮನೆ ಗೋತೋ ವಂಶ. 15ನೇ ಶತಮಾನದ ಯೂಜೋನಿಂದ ಹಿಡಿದು ಹದಿನೇಳು ತಲೆಮಾರು ಅಧಿಕಾರಸ್ಥರ ಕತ್ತಿಗಳಿಗೆ ಒಡವೆ ಮಾಡಿಕೊಟ್ಟರು. ಅವರ ಕೆಲಸಕ್ಕೆ ಕೈ ಮುಗೀತೀನಿ. ಆದ್ರೂ ನನ್ನ ಮನಸ್ಸು ನಿಲ್ಲೋದು ಫುಶಿಮಿಯ ಕಾನೇಯೇ ಅನ್ನೋನ ಮೇಲೆ. ಅಂಗೈಯಷ್ಟು ಕಬ್ಬಿಣದಲ್ಲಿ ಬೆಟ್ಟ, ನೀರು, ದೋಣಿ ಎಲ್ಲ ಮೂಡಿಸಿ, ಮುಕ್ಕಾಲು ಪಾಲನ್ನ ಖಾಲಿ ಬಿಟ್ಟ ಅವನು.

1876ರಲ್ಲಿ ಮೇಜಿ ಸರ್ಕಾರ ಬೀದಿಯಲ್ಲಿ ಕತ್ತಿ ಧರಿಸೋದನ್ನ ನಿಷೇಧಿಸ್ತು. ಈ ತ್ಸುಬಾ ಕುಶಲಿಗಳೆಲ್ಲರ ಅನ್ನ ಒಂದೇ ಏಟಿಗೆ ಹೋಯ್ತು. ಕಾನೋ ನಾತ್ಸುಓನಂಥ ದೊಡ್ಡ ಕುಶಲಿ ಅಷ್ಟರಲ್ಲಾಗಲೇ ಸರ್ಕಾರದ ಹೊಸ ನಾಣ್ಯಗಳ ಅಚ್ಚಿನ ಕೆಲಸ ಮಾಡಿದ್ದ, ಆಮೇಲೆ ತೋಕಿಯೋದ ಕಲಾಶಾಲೆಯಲ್ಲಿ ಪಾಠ ಹೇಳಿದ. ಎಲ್ಲರಿಗೂ ಆ ಅದೃಷ್ಟ ಇರಲಿಲ್ಲ. ತ್ಸುಬಾಗಳು ಪೆಟ್ಟಿಗೆಗಟ್ಟಲೆ ಯುರೋಪು, ಅಮೆರಿಕಕ್ಕೆ ಹೋದವು. ಆಕ್ಸ್‌ಫರ್ಡಿನ ಆಶ್ಮೋಲಿಯನ್ನಿನಲ್ಲಿ, ಬೋಸ್ಟನ್ನಿನ ಮ್ಯೂಸಿಯಮ್ಮಿನಲ್ಲಿ ಅವು ಈಗ ಇವೆ.

ಆದ್ರೆ ನಿಜವಾದ ಗಂಡಾಂತರ ಬಂದದ್ದು 1945ರಲ್ಲಿ. ಸೋತ ಜಪಾನಿನಲ್ಲಿ ಎಲ್ಲಾ ಆಯುಧ ಒಪ್ಪಿಸಬೇಕು ಅಂತ ಅಮೆರಿಕನ್ ಸೇನೆ ಆಜ್ಞೆ ಮಾಡ್ತು. ಅವರ ಕಣ್ಣಿಗೆ ಕಾರ್ಖಾನೆಯ ಸೇನಾ ಕತ್ತಿಯೂ ಬಹಳ ಹಳೇ ಕಾಮಾಕುರಾ ಕಾಲದ ತಾಚಿಯೂ ಒಂದೇ. ಶೋಗುನ್‌ಗಳ ತೊಕುಗಾವಾ ಮನೆತನ ತಾನೇ ಮಾದರಿಯಾಗಬೇಕು ಅಂತ ಮೆಜಿರೋ ಪೊಲೀಸ್ ಠಾಣೆಗೆ ತನ್ನ ಕತ್ತಿಗಳನ್ನ ಒಪ್ಪಿಸ್ತು. ಅವುಗಳಲ್ಲಿ ಹೋಂಜೋ ಮಾಸಾಮುನೆಯೂ ಇತ್ತು, ಶೋಗುನ್‌ಗಳು ವಂಶಪಾರಂಪರ್ಯವಾಗಿ ಕಾಪಾಡಿಕೊಂಡು ಬಂದದ್ದು, 1939ರಲ್ಲಿ ರಾಷ್ಟ್ರದ ನಿಧಿ ಅನ್ನಿಸಿಕೊಂಡದ್ದು. ಇವತ್ತಿನವರೆಗೆ ಪತ್ತೆ ಇಲ್ಲ. ಹೋನ್ಮಾ ಜುಂಜಿ, ಸಾತೋ ಕಾನ್‌ಇಚಿ ಅನ್ನೋ ಇಬ್ಬರು ವಿದ್ವಾಂಸರು ಅಮೆರಿಕನ್ ಅಧಿಕಾರಿ ಕರ್ನಲ್ ಕ್ಯಾಡ್‌ವೆಲ್‌ಗೆ ಕತ್ತಿ ನೋಡೋದು ಹೇಗೆ ಅಂತ ತಿಳಿಸಿಕೊಟ್ಟರು. ಆತ ಕೇಳಿಸಿಕೊಂಡ. ಕಲೆಯ ಬೆಲೆ ಇರೋ ಕತ್ತಿಗಳಿಗೆ ವಿನಾಯಿತಿ ಸಿಕ್ತು, ಅಕಾಬಾನೆಯ ಉಗ್ರಾಣದಲ್ಲಿ ರಾಶಿ ಬಿದ್ದಿದ್ದವುಗಳಿಂದ ಸಾವಿರಾರು ಅಲಗುಗಳನ್ನ ಆರಿಸಿ ಉಳಿಸಿದ್ರು. 1948ರಲ್ಲಿ ಸಂರಕ್ಷಣೆಯ ಸಂಘ ಹುಟ್ಟಿತು. ಅವರಿಬ್ಬರನ್ನ ನೆನೆಸಿಕೊಂಡಾಗ ಈಗಲೂ ನನ್ನ ಕಣ್ಣು ತುಂಬುತ್ತೆ.

ಅಮೆರಿಕದ ಡಾಕ್ಟರ್ ವಾಲ್ಟರ್ ಕಾಂಪ್ಟನ್ ಕತೆಯನ್ನೂ ಕೇಳಿ. ಔಷಧಿ ಕಂಪನಿಯ ಮುಖ್ಯಸ್ಥ, ದೊಡ್ಡ ಸಂಗ್ರಾಹಕ. ತಾನು ಕೊಂಡಿದ್ದ ಕುನಿಮುನೆ ಅನ್ನೋ ಕಮ್ಮಾರನ ತಾಚಿ ಕಾಗೋಶಿಮಾದ ತೆರುಕುನಿ ದೇವಾಲಯದಿಂದ ಕಾಣೆಯಾದ ರಾಷ್ಟ್ರದ ನಿಧಿ ಅಂತ ಗೊತ್ತಾದಾಗ, 1963ರಲ್ಲಿ ಒಂದು ಕಾಸೂ ಕೇಳದೆ ವಾಪಸ್ ಕೊಟ್ಟ. ಸಂಗ್ರಾಹಕ ಅಂದ್ರೆ ನನ್ನ ಕಣ್ಣ ಮುಂದೆ ಬರೋದು ಅವನೇ. ನಾವು ಕೊಳ್ಳೋದಲ್ಲ, ನಮ್ಮ ಸರದಿ ಇರೋವರೆಗೆ ಕಾಯೋದು, ಅಷ್ಟೇ.

ಈಗಿನ ಹುಡುಗರಿಗೆ ಇದೆಲ್ಲ ಎಲ್ಲಿ ಬೇಕು ಅಂತ ನೀವು ಅನ್ನಬೇಡಿ. 2015ರಲ್ಲಿ ‘ತೋಕೆನ್ ರಾನ್‌ಬು’ ಅಂತ ಒಂದು ಕಂಪ್ಯೂಟರ್ ಆಟ ಬಂತು, ಹೆಸರಾಂತ ಕತ್ತಿಗಳೇ ಅದರಲ್ಲಿ ಸುಂದರ ಯುವಕರು. ಆಮೇಲೆ ಕತ್ತಿಯ ಪ್ರದರ್ಶನಗಳಲ್ಲಿ ಸಾಲು ನಿಂತವರು ಹೆಚ್ಚಾಗಿ ಹೆಣ್ಣುಮಕ್ಕಳು. ಕೆಲವರು ಮೂಗು ಮುರಿದ್ರು. ನನಗೆ ಅದು ತಪ್ಪಾಗಿ ಕಾಣ್ತು, ಆ ಹುಡುಗಿಯರು ಗಾಜಿಗೆ ಮುಖ ಇಟ್ಟು, ಮಂಡಿ ಬಗ್ಗಿಸಿ, ಬೆಳಕು ಬೀಳೋ ಕೋನ ಹುಡುಕಿ ನೋಡ್ತಾರೆ. ಹಳೇ ಕಾಲದ ಸೇನಾನಿ ಉಎಸುಗಿ ಕೆನ್‌ಶಿನ್ ಇಟ್ಟುಕೊಂಡಿದ್ದ ‘ಸಾನ್‌ಚೋಮೋ’ ತಾಚಿಯನ್ನ ಅದು ಹುಟ್ಟಿದ ಬಿಜೆನ್ ಸೀಮೆಗೇ ತರಬೇಕು ಅಂತ ಸೆತೋಉಚಿ ಅನ್ನೋ ಸಣ್ಣ ಊರು ಜನರಿಂದ ಹಣ ಕೂಡಿಸಿ, 50 ಕೋಟಿ ಯೆನ್ ಕೊಟ್ಟು 2020ರಲ್ಲಿ ಕೊಂಡುಕೊಂಡ್ತು. ಕೊಟ್ಟವರಲ್ಲಿ ಎಷ್ಟೋ ಜನ ಆ ಊರಿನವರೇ ಅಲ್ಲ.

ಸರಿ, ಮೊಮ್ಮಗನಿಗೆ ಹೇಳಬೇಕಾದದ್ದು. ಒಂದು ವರ್ಷ ಏನೂ ಕೊಳ್ಳಬಾರದು. ಉಎನೋದಲ್ಲಿ ರಾಷ್ಟ್ರೀಯ ಮ್ಯೂಸಿಯಮ್ ಇದೆ, ಸುಮೋ ಅಖಾಡ ಇರೋ ರ್‍ಯೋಗೊಕುವಿನಲ್ಲಿ ಕತ್ತಿಯ ಮ್ಯೂಸಿಯಮ್ಮೇ ಇದೆ, ರಜೆ ಸಿಕ್ಕಾಗೆಲ್ಲ ಹೋಗಲಿ. ರೈಲು ಹತ್ತಿ ಬಿಜೆನ್ ಸೀಮೆಯ ಒಸಾಫುನೆಗೂ ಹೋಗಿ ಬರಲಿ. ಕತ್ತಿ ಅಂದ ಮೇಲೆ ಅದಕ್ಕೆ ಆಯಾ ಪ್ರಾಂತ್ಯದ ಶಿಕ್ಷಣ ಮಂಡಳಿ ಕೊಟ್ಟ ನೋಂದಣಿ ಚೀಟಿ ಇರಲೇಬೇಕು, ಉದ್ದ, ಬಾಗು, ಮೊಳೆತೂತಿನ ಸಂಖ್ಯೆ, ಸಹಿ ಎಲ್ಲ ಅದರಲ್ಲಿರುತ್ತೆ, ಒಂದೊಂದಾಗಿ ತಾಳೆ ನೋಡಬೇಕು. ದೇಶದ ಹೊರಗೆ ಒಯ್ಯೋಕೆ ಅಲ್ಲಿನ ಸಂಸ್ಕೃತಿ ಇಲಾಖೆಯ ಅನುಮತಿ ಬೇಕು, ಇಲ್ಲಿಗೆ ತರೋದಾದ್ರೆ ನಮ್ಮ ಕಸ್ಟಮ್ಸ್, ಆಯುಧ ಕಾಯ್ದೆ ಎರಡನ್ನೂ ಮೊದಲೇ ವಿಚಾರಿಸಬೇಕು. ಅಷ್ಟು ತಾಳ್ಮೆ ಇಲ್ಲ ಅಂದ್ರೆ ಇಂಥದೊಂದು ಕಬ್ಬಿಣದ ತ್ಸುಬಾ ಕೊಂಡು ಶುರು ಮಾಡಲಿ.

ಅಷ್ಟರ ಮೇಲೂ ಆ ಕತ್ತಿಯೇ ಬೇಕು ಅಂದ್ರೆ ಬುಡದ ಫೋಟೋ ನನಗೆ ಕಳಿಸಲಿ, ಎರಡೂ ಮಗ್ಗುಲಿನದು, ಹಗಲು ಬೆಳಕಲ್ಲಿ ತೆಗೆದದ್ದು. ಅಂಗಡಿಯವನು ಒರೆಸಿ ತೋರಿಸ್ತೀನಿ ಅಂದ್ರೆ ಬೇಡ ಅನ್ನಲಿ.